ಬರದೇ ಇದ್ದ ಮಕ್ಕಳದ್ದು ಎಷ್ಟಾಯ್ತು?

ಅಮ್ಮನಿಗೆ ನಾನು ತೋರಿಸಿದ್ದು ಒಂದೇ ಒಂದು ಸ್ಲೈಡ್. ನೀಲಿ ಕಂಬ 8, ಹಸಿರು ಕಂಬ 13. ನಮ್ಮ ಶನಿವಾರದ ಗಣಿತ ಕ್ಲಾಸಿಗೆ ಬಂದ ಮಕ್ಕಳ ಸರಾಸರಿ ಅಂಕ, 20ಕ್ಕೆ. ಜುಲೈನಲ್ಲಿ 8 ಇದ್ದದ್ದು ಫೆಬ್ರವರಿಗೆ 13 ಆಗಿತ್ತು. ಆಫೀಸಿನಲ್ಲಿ ಇದಕ್ಕೆ ಚಪ್ಪಾಳೆಯೂ ಬಿದ್ದಿತ್ತು. ಅಮ್ಮ ಕನ್ನಡಕ ಸರಿ ಮಾಡಿಕೊಂಡು, ಫೋನ್ ಹತ್ತಿರ ಹಿಡಿದು ನೋಡಿದರು. ಆಮೇಲೆ ಕೇಳಿದರು, "ಚೆನ್ನಾಗಿದೆ. ಬರದೇ ಇದ್ದ ಮಕ್ಕಳದ್ದು ಎಷ್ಟಾಯ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಮ್ಮ ಅರಸೀಕೆರೆ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ 31 ವರ್ಷ ಪಾಠ ಮಾಡಿ ನಿವೃತ್ತರಾದವರು. ಅವರಿಗೆ ಸ್ಟ್ಯಾಟಿಸ್ಟಿಕ್ಸ್ ಗೊತ್ತಿಲ್ಲ. ಆದರೆ ಜುಲೈನಿಂದ ಫೆಬ್ರವರಿಗೆ ಮಕ್ಕಳು ಏಳೆಂಟು ತಿಂಗಳು ದೊಡ್ಡವರಾಗಿರುತ್ತಾರೆ, ಅಷ್ಟೂ ದಿನ ಕ್ಲಾಸ್ ಟೀಚರ್ ಸುಮ್ಮನೆ ಕೂತಿರುವುದಿಲ್ಲ ಅನ್ನೋದು ಗೊತ್ತು.

ತಮಾಷೆ ಏನು ಗೊತ್ತಾ? ಈ ಪ್ರಶ್ನೆ ಕೇಳುವುದೇ ನನ್ನ ನೌಕರಿ. ನಾನು ಬೆಂಗಳೂರಿನ ಒಂದು ಆ್ಯಪ್ ಕಂಪನಿಯಲ್ಲಿ ಡೇಟಾ ಕೆಲಸ ಮಾಡುವವಳು. ಅಲ್ಲಿ ಒಂದು ಬಟನ್ ಬಣ್ಣ ಬದಲಿಸಬೇಕಾದರೂ ಬಳಕೆದಾರರನ್ನು ಎರಡು ಪಾಲು ಮಾಡುತ್ತೇವೆ. ಅರ್ಧ ಜನಕ್ಕೆ ಹೊಸದು, ಅರ್ಧ ಜನಕ್ಕೆ ಹಳೆಯದು. ಯಾರು ಯಾವ ಪಾಲಿಗೆ ಅನ್ನುವುದನ್ನು ಕಂಪ್ಯೂಟರ್ ಲಾಟರಿ ಎತ್ತಿ ಹೇಳುತ್ತದೆ. ಹೋಲಿಕೆ ಇಲ್ಲದೆ ಯಾರಾದರೂ "ನಮ್ಮ ಬಟನ್ನಿಂದ ಮಾರಾಟ ಏರಿತು" ಅಂದರೆ ಮೀಟಿಂಗಿನಲ್ಲಿ ನಗುತ್ತೇವೆ. ಬಟನ್ನಿಗೆ ತೋರಿಸಿದ ಮರ್ಯಾದೆಯನ್ನು ಮಕ್ಕಳ ಕಲಿಕೆಗೆ ತೋರಿಸಿರಲಿಲ್ಲ.

ಪುಣ್ಯಕ್ಕೆ ಜುಲೈನಲ್ಲಿ 4 ಮತ್ತು 5ನೇ ತರಗತಿಯ ಎಲ್ಲ ಮಕ್ಕಳಿಗೂ ಟೆಸ್ಟ್ ಕೊಟ್ಟಿದ್ದೆವು. ಮುಂದಿನ ವಾರವೇ ಶಾಲೆಗೆ ಹೋಗಿ, ಟೀಚರ್ ಸಹಾಯ ಪಡೆದು, ಶನಿವಾರ ಬಾರದಿದ್ದ ಮಕ್ಕಳಿಗೂ ಅದೇ ಪೇಪರ್ ಕೊಟ್ಟೆ. ಅವರ ಸರಾಸರಿ 7ರಿಂದ 11ಕ್ಕೆ ಏರಿತ್ತು! ಅಂದರೆ ನಾವು ನಮ್ಮದು ಅಂದುಕೊಂಡಿದ್ದ 5 ಅಂಕದಲ್ಲಿ 4 ಅಂಕ ನಾವಿಲ್ಲದೆಯೂ ಬರುತ್ತಿತ್ತು. ಉಳಿದ ಒಂದಾದರೂ ನಮ್ಮದಾ? ಅದೂ ಹೇಳೋಕೆ ಬರಲ್ಲ. ರಜೆಯ ಮಧ್ಯಾಹ್ನ ಕ್ಲಾಸಿಗೆ ಬಂದವರು ಹೆಚ್ಚಾಗಿ ಅಮ್ಮಂದಿರು ತಲೆ ಬಾಚಿ ಕಳಿಸಿದ ಮಕ್ಕಳು. ಬಾರದವರಲ್ಲಿ ಹಲವರು ಮನೆಯಲ್ಲಿ ತಂಗಿ ತಮ್ಮಂದಿರನ್ನು ನೋಡಿಕೊಳ್ಳುತ್ತಿದ್ದವರು. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಹೋಲಿಸಿದರೆ ನಾವು ಅಳೆಯುವುದು ನಮ್ಮ ಪಾಠವನ್ನಲ್ಲ, ಅವರ ಮನೆಯನ್ನು.

ಆ ಬೇಸರದಲ್ಲಿ ರಾತ್ರಿ ಕೂತು ಓದತೊಡಗಿದೆ. ಈ ತಪ್ಪು ನನ್ನೊಬ್ಬಳದ್ದೇ ಅಲ್ಲ ಅಂತ ಗೊತ್ತಾಗಿ ಸ್ವಲ್ಪ ಸಮಾಧಾನವಾಯ್ತು. ಪಶ್ಚಿಮ ಕೆನ್ಯಾದ ಶಾಲೆಗಳಲ್ಲಿ ಗೋಡೆಗೆ ತೂಗುಹಾಕುವ ಪಾಠದ ಚಾರ್ಟುಗಳ ಬಗ್ಗೆ ಮೈಕೇಲ್ ಕ್ರೆಮರ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲೇ ಚಾರ್ಟ್ ಇದ್ದ ಶಾಲೆಗಳನ್ನು ಇಲ್ಲದ ಶಾಲೆಗಳ ಜೊತೆ ಹೋಲಿಸಿದರೆ ಚಾರ್ಟಿನಿಂದ ಬಹಳ ಲಾಭ ಇದ್ದಂತೆ ಕಾಣುತ್ತಿತ್ತು. ಆಮೇಲೆ 178 ಶಾಲೆಗಳಲ್ಲಿ 89ನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ ಆರಿಸಿ ಚಾರ್ಟ್ ಕೊಟ್ಟು ನೋಡಿದರು. ಮಕ್ಕಳ ಅಂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಚಾರ್ಟ್ ಕೊಂಡುಕೊಳ್ಳುವ ಶಾಲೆ ಬೇರೆ ಎಷ್ಟೋ ವಿಷಯಗಳಲ್ಲೂ ಮುಂದಿರುತ್ತದೆ. ಲಾಭ ಬಂದದ್ದು ಅದರಿಂದ, ಹೆಸರು ಬಂದದ್ದು ಚಾರ್ಟಿಗೆ!

ಎರಡನೇ ವರ್ಷ ಸರಿಯಾಗಿ ಮಾಡೋಣ ಅಂತ ಹೊರಟೆ. ಮುಖ್ಯ ಶಿಕ್ಷಕಿಯ ಹತ್ತಿರ ಕೂತು ಯೋಜನೆ ಹೇಳಿದೆ. "ಅರ್ಧ ಮಕ್ಕಳಿಗೆ ಮಾತ್ರ ಕ್ಲಾಸು" ಅಂದ ಕೂಡಲೇ ಅವರ ಮುಖ ಗಂಟಾಯಿತು. "ಇನ್ನರ್ಧ ಮಕ್ಕಳು ಏನ್ ಪಾಪ ಮಾಡಿದ್ದಾರೆ ಮೇಡಂ?" ಸರಿಯಾದ ಪ್ರಶ್ನೆಯೇ. ಉತ್ತರ ಸಿಕ್ಕಿದ್ದು ವಡೋದರದಿಂದ.

2001ರಲ್ಲಿ 'ಪ್ರಥಮ್' ಸಂಸ್ಥೆ ಅಲ್ಲಿನ ನಗರಪಾಲಿಕೆ ಶಾಲೆಗಳಲ್ಲಿ 'ಬಾಲಸಖಿ' ಎಂಬ ಕಾರ್ಯಕ್ರಮ ನಡೆಸುತ್ತಿತ್ತು. ಅದೇ ಬಡಾವಣೆಯ, ಓದಿದ ಯುವತಿಯೊಬ್ಬಳು ಹಿಂದುಳಿದ 15-20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಅಕ್ಷರ, ಅಂಕಿ ಕಲಿಸುವುದು. ಇದನ್ನು ಅಳೆಯಲು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಮಾಡಿದ ಏರ್ಪಾಡು ನನಗೆ ಬಹಳ ಹಿಡಿಸಿತು. ಯಾವ ಶಾಲೆಯನ್ನೂ ಬರಿಗೈಲಿ ಕಳಿಸಲಿಲ್ಲ. ಲಾಟರಿಯಲ್ಲಿ ಬಂದ ಅರ್ಧ ಶಾಲೆಗಳಿಗೆ 3ನೇ ತರಗತಿಗೆ ಬಾಲಸಖಿ, ಇನ್ನರ್ಧಕ್ಕೆ 4ನೇ ತರಗತಿಗೆ. ಮರುವರ್ಷ ಅದಲುಬದಲು. ಎಲ್ಲ ಶಾಲೆಗೂ ಒಬ್ಬ ಸಖಿ ಸಿಕ್ಕಳು, ಪ್ರತಿ ತರಗತಿಗೂ ಹೋಲಿಸಲು ಒಂದು ಜೊತೆ ಸಿಕ್ಕಿತು. ಮಕ್ಕಳ ಕಲಿಕೆ ನಿಜಕ್ಕೂ ಸುಧಾರಿಸಿತ್ತು, ಅದರಲ್ಲೂ ಹಿಂದುಳಿದ ಮಕ್ಕಳದ್ದು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರು ಇವರಿಬ್ಬರು ಮತ್ತು ಅದೇ ಕ್ರೆಮರ್.

ನಮ್ಮದು ಒಂದೇ ಶಾಲೆ, 44 ಮಕ್ಕಳು. ನೊಬೆಲ್ ದೂರದ ಮಾತು. ಆದರೂ ಸೂತ್ರ ಅದೇ ಇಟ್ಟುಕೊಂಡೆವು. ಮೊದಲ ತಂಡಕ್ಕೆ ಜುಲೈನಿಂದ ಅಕ್ಟೋಬರ್, ಎರಡನೇ ತಂಡಕ್ಕೆ ನವೆಂಬರ್‌ನಿಂದ ಫೆಬ್ರವರಿ. ಯಾರಿಗೂ ಇಲ್ಲ ಅನ್ನೋದಿಲ್ಲ, ಅರ್ಧ ಮಕ್ಕಳಿಗೆ ಸ್ವಲ್ಪ ತಡ. ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರಿಗೆ ವಿವರಿಸಿ ಒಪ್ಪಿಗೆ ಪಡೆದೆವು.

ಟೆಸ್ಟನ್ನೂ ಬದಲಿಸಿದೆವು. ಪೇಪರಿನ ಬದಲು 'ಅಸರ್' ಸಮೀಕ್ಷೆಯವರು 2005ರಿಂದ ಮಾಡುತ್ತಿರುವ ಹಾಗೆ ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುವುದು: ಒಂದಂಕಿ ಗುರುತಿಸುತ್ತದಾ, ಎರಡಂಕಿ, ದಶಕ ಸಹಿತ ಕಳೆಯುವ ಲೆಕ್ಕ, ಭಾಗಾಕಾರ. ಕೇಳುವವರು ನಾವಲ್ಲ, ಬೇರೆ ಟೀಮಿನ ಗೆಳೆಯರು. ಯಾವ ಮಗು ಯಾವ ತಂಡ ಅಂತ ಅವರಿಗೆ ಹೇಳಲೇ ಇಲ್ಲ. ನಾವೇ ಕೂತಿದ್ದರೆ ನಮ್ಮ ಮಕ್ಕಳು ತಡವರಿಸಿದಾಗ "ಇನ್ನೊಂದ್ಸಲ ನೋಡು ಪುಟ್ಟಾ" ಅಂತ ಬಾಯಿಗೆ ಬಂದೇ ಬರುತ್ತಿತ್ತು.

ಒಂದೇ ಮಟ್ಟದಲ್ಲಿದ್ದ ಇಬ್ಬಿಬ್ಬರನ್ನು ಜೋಡಿ ಮಾಡಿದೆವು, 22 ಜೋಡಿ. ಪ್ರತಿ ಜೋಡಿಗೆ ಎರಡು ಚೀಟಿ. ಬಿಸಿಯೂಟದ ಅಕ್ಕ ಕೊಟ್ಟ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಎಲ್ಲರ ಮುಂದೆ ಎತ್ತಿಸಿದೆವು.

ಆ ಹುಡುಗಿಯ ಹೆಸರು ಇಲ್ಲಿ ಬೇಡ. 4ನೇ ತರಗತಿ, ಎರಡು ಜಡೆ, ಮುಂದಿನ ಬೆಂಚು. ಕಳೆದ ವರ್ಷ ಅಕ್ಕನ ಜೊತೆ ಬಂದು ಕಿಟಕಿಯಿಂದ ನಮ್ಮ ಕ್ಲಾಸ್ ನೋಡುತ್ತಿದ್ದವಳು. ಅವಳಿಗೆ 'ನವೆಂಬರ್' ಚೀಟಿ ಬಂತು. ಅವಳ ಜೋಡಿಯಾಗಿದ್ದ, ಪಕ್ಕದ ಮನೆಯ ಗೆಳತಿಗೆ 'ಜುಲೈ'. ಇವಳು ಅಳಲಿಲ್ಲ. ಚೀಟಿಯನ್ನು ಮಡಚಿ ಮಡಚಿ ಇಷ್ಟೇ ಇಷ್ಟು ಮಾಡಿ ನನ್ನ ಕೈಗೆ ವಾಪಸ್ ಕೊಟ್ಟು, "ಇನ್ನೊಂದ್ ಎತ್ತಲಾ ಮಿಸ್?" ಅಂದಳು.

"ಇಲ್ಲ ಪುಟ್ಟಾ" ಅನ್ನುವುದು ಎಷ್ಟು ಕಷ್ಟ ಅಂತ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಒಂದು ಚೀಟಿ ಬದಲಿಸಿದರೆ ಏನಾಗಿಬಿಡುತ್ತೆ ಅಂತ ಅನ್ನಿಸಿದ್ದೂ ನಿಜ. ಆದರೆ ನನಗೆ ಇಷ್ಟವಾದವರನ್ನು ನಾನೇ ಆರಿಸಿಕೊಂಡರೆ ಅದು ಮತ್ತೆ ಹಳೆಯ ಸ್ಲೈಡೇ ಅಲ್ವಾ?

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿಕೊಂಡೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಒಂದೇ ಕೋಣೇಲಿ ಎರಡು ಕ್ಲಾಸ್ ಇಟ್ಕೊಂಡು ಪಾಠ ಮಾಡ್ತಿದ್ದೆ ನಾನು. ದಿನಾ ಯಾರನ್ನೋ ಬಿಟ್ಟೇ ಬಿಡ್ತಿದ್ದೆ. ಮುಂದೆ ಕೂತೋರು, ಬೇಗ ಉತ್ತರ ಹೇಳೋರು ನನ್ನ ಟೈಮ್ ಎಲ್ಲಾ ತಗೋತಿದ್ರು. ನಾನು ಚೀಟಿ ಎತ್ತಲಿಲ್ಲ ಅಷ್ಟೇ. ಹಾಗಾಗಿ ಯಾರೂ ಬಂದು ನನ್ನನ್ನ ಕೇಳಲಿಲ್ಲ." ಆಮೇಲೆ ಒಂದು ಮಾತು ಸೇರಿಸಿದರು: "ಅವಳಿಗೆ ನವೆಂಬರ್ ಅಂತ ಹೇಳಿದೀಯ. ಮರೀಬೇಡ."

ಸೆಪ್ಟೆಂಬರ್ ಹೊತ್ತಿಗೆ ಇನ್ನೊಂದು ಕಥೆ. ಬಿಡುವಿನಲ್ಲಿ ನೋಡಿದರೆ ಆ ಎರಡು ಜಡೆ ಹುಡುಗಿ ನಾವು ಕಡ್ಡಿ ಕಟ್ಟುಗಳಲ್ಲಿ ಹೇಳಿಕೊಡುವ ಕಳೆಯುವ ಲೆಕ್ಕವನ್ನು ಜಗಲಿಯ ಮೇಲೆ ಮಾಡುತ್ತಾ ಕೂತಿದ್ದಾಳೆ! ಹತ್ತು ಕಡ್ಡಿಯ ಕಟ್ಟು ಬಿಚ್ಚಿ, ಬಿಡಿಗೆ ಸೇರಿಸಿ, ಸರಿಯಾಗಿ. ಕೇಳಿದರೆ, "ಅವಳು ದಿನಾ ಸಾಯಂಕಾಲ ನಂಗೆ ಹೇಳ್ಕೊಡ್ತಾಳೆ" ಅಂತ ಗೆಳತಿಯನ್ನು ತೋರಿಸಿದಳು.

ನನಗೆ ಮೊದಲು ಅನ್ನಿಸಿದ್ದು ಏನು ಗೊತ್ತಾ? ನಾಚಿಕೆಯಾದರೂ ಹೇಳಿಬಿಡುತ್ತೇನೆ. "ಅಯ್ಯೋ, ನನ್ನ ಪ್ರಯೋಗ ಕೆಟ್ಟುಹೋಯ್ತಲ್ಲ." ಕಾಯುವ ತಂಡಕ್ಕೂ ಪಾಠ ಸೋರಿದರೆ ಎರಡು ತಂಡಗಳ ಅಂತರ ಕಮ್ಮಿಯಾಗುತ್ತೆ, ನಮ್ಮ ಪಾಠ ಇರುವುದಕ್ಕಿಂತ ಸಪ್ಪೆಯಾಗಿ ಕಾಣುತ್ತೆ. ವಡೋದರದಲ್ಲಿ ಒಂದೊಂದೇ ಮಗುವಿಗೆ ಲಾಟರಿ ಎತ್ತದೆ ಇಡೀ ಶಾಲೆಗೆ ಎತ್ತಿದ್ದರ ಒಂದು ಅನುಕೂಲ ಇದೇ. ಆದರೆ ಒಂದು ಮಗು ಲೆಕ್ಕ ಕಲಿತಿದ್ದಕ್ಕೆ ನನಗೆ ಕಿರಿಕಿರಿ ಆಗಿತ್ತು. ಮಕ್ಕಳು ಕಲಿಯಲಿ ಅಂತಲೇ ಶುರು ಮಾಡಿದವಳು ನಾನು. ಆ ಸಾಯಂಕಾಲ ಮೆಟ್ರೋದಲ್ಲಿ ಬರುವಾಗ ನನ್ನ ಬಗ್ಗೆ ನನಗೇ ಒಂಥರಾ ಆಯ್ತು.

ಅವರಿಬ್ಬರನ್ನು ತಡೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಬರೆದಿಟ್ಟುಕೊಂಡೆ.

ಅಕ್ಟೋಬರ್ ಕೊನೆಗೆ ಟೆಸ್ಟ್. ಮೂವರು ಮಕ್ಕಳು ಇರಲಿಲ್ಲ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳವರು, ಸೈಟ್ ಮುಗಿದು ಹೊರಟುಹೋಗಿದ್ದರು. ಇಂಥವರನ್ನು ಪಟ್ಟಿಯಿಂದ ಸುಮ್ಮನೆ ಅಳಿಸಿಬಿಟ್ಟರೆ ಕೆಲವು ಸಲ ಫಲಿತಾಂಶ ಚೆಂದ ಕಾಣುತ್ತದೆ. ನಾವು "ಮೂವರು ಹೋದರು, ಮೊದಲ ತಂಡದಿಂದ ಇಬ್ಬರು, ಎರಡನೆಯದರಿಂದ ಒಬ್ಬರು" ಅಂತ ಬರೆದೆವು.

ಫಲಿತಾಂಶ? ದಶಕ ಸಹಿತ ಕಳೆಯುವ ಲೆಕ್ಕ ಹೊಸದಾಗಿ ಕಲಿತವರು ಮೊದಲ ತಂಡದಲ್ಲಿ 9 ಮಕ್ಕಳು, ಕಾಯುತ್ತಿದ್ದ ತಂಡದಲ್ಲಿ 5. ಆ ಐವರಲ್ಲಿ ಎರಡು ಜಡೆಯವಳೂ ಒಬ್ಬಳು. ಭಾಗಾಕಾರದಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ. ಇಷ್ಟು ಸಣ್ಣ ಗುಂಪಿನಲ್ಲಿ 9ಕ್ಕೂ 5ಕ್ಕೂ ಇರುವ ಅಂತರ ಬರೀ ಅದೃಷ್ಟದಿಂದಲೂ ಬರಬಹುದು. ಹಾಗಾಗಿ ಈ ಸಲ ನನ್ನ ಸ್ಲೈಡಿನಲ್ಲಿ ಇದ್ದದ್ದು: "ಕಳೆಯುವ ಲೆಕ್ಕಕ್ಕೆ ಸಹಾಯ ಆಗಿರಬಹುದು. ಖಚಿತವಾಗಿ ಹೇಳಲಾರೆವು. ಭಾಗಾಕಾರಕ್ಕೆ ನಮ್ಮ ವಿಧಾನ ಕೆಲಸ ಮಾಡಿದ ಹಾಗೆ ಕಾಣುತ್ತಿಲ್ಲ." ಚಪ್ಪಾಳೆ ಬೀಳಲಿಲ್ಲ. "ಸ್ವಲ್ಪ ಪಾಸಿಟಿವ್ ಆಗಿರೋ ನಂಬರ್ ಇಲ್ವಾ?" ಅಂತ ಯಾರೋ ಕೇಳಿದರು. ಕಳೆದ ವರ್ಷದ್ದು ಇದೆ, ಅದು ತಪ್ಪು ಅಂದೆ.

ಆದರೆ ಆ ಸಪ್ಪೆ ಸ್ಲೈಡಿನಿಂದಲೇ ಕ್ಲಾಸ್ ಬದಲಾಯಿತು. ಕಳೆಯುವುದು ಬಾರದ ಮಕ್ಕಳಿಗೂ ನಾವು ತರಗತಿ ನೋಡಿಕೊಂಡು ಭಾಗಾಕಾರ ಹೇಳಿಕೊಡುತ್ತಿದ್ದೆವು. ನವೆಂಬರ್‌ನಿಂದ 4, 5 ಅನ್ನುವುದನ್ನು ಬಿಟ್ಟು, ಯಾರಿಗೆ ಎಲ್ಲಿ ತೊಡಕೋ ಆ ಗುಂಪಿನಲ್ಲಿ ಕೂರಿಸಿದೆವು. ಬಾಲಸಖಿಯರು ಮಾಡುತ್ತಿದ್ದದ್ದೂ ಹೆಚ್ಚುಕಮ್ಮಿ ಇದನ್ನೇ, ತರಗತಿಯ ಪುಸ್ತಕ ಬದಿಗಿಟ್ಟು ಮಗು ನಿಂತಲ್ಲಿಂದ ಶುರು ಮಾಡುವುದು. ಇದು ನಮ್ಮಲ್ಲಿ ಎಷ್ಟು ಕೆಲಸ ಮಾಡುತ್ತದೆ ಅಂತ ಮುಂದಿನ ವರ್ಷ ಇನ್ನೆರಡು ಶಾಲೆ ಸೇರಿಸಿಕೊಂಡು ನೋಡಬೇಕು. ಮತ್ತೆ ಚೀಟಿ, ಮತ್ತೆ ಡಬ್ಬಿ. ಮತ್ತೆ ಯಾವುದೋ ಮಗುವಿಗೆ "ಇಲ್ಲ ಪುಟ್ಟಾ" ಅನ್ನಬೇಕು. ಅದು ಸುಲಭ ಆಗಬಾರದು ಅಂತಲೇ ನನ್ನ ಆಸೆ.

ನನ್ನ ಹಾಗೆ ವೀಕೆಂಡಿನಲ್ಲಿ ಶಾಲೆಗಳಿಗೆ ಹೋಗುವವರು ಓದುಗರಲ್ಲಿ ತುಂಬಾ ಜನ ಇದ್ದೀರಿ. ಎಲ್ಲರೂ ಪ್ರಯೋಗ ಮಾಡಿ ಅನ್ನುತ್ತಿಲ್ಲ. ಮುಂದಿನ ಸಲ ಸ್ಲೈಡ್ ಮಾಡುವಾಗ ನಮ್ಮ ಅಮ್ಮನ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಿ, ಅಷ್ಟು ಸಾಕು.

ನವೆಂಬರ್‌ನ ಮೊದಲ ಶನಿವಾರ ನಾನು ಹೋಗುವಷ್ಟರಲ್ಲಿ ಎರಡು ಜಡೆಯವಳು ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಅವಳದ್ದೇ ಕಡ್ಡಿ ಕಟ್ಟುಗಳು, ಹಳೇ ರಬ್ಬರ್ ಬ್ಯಾಂಡ್ ಹಾಕಿದ್ದು. "ಇವತ್ತು ನವೆಂಬರ್ ಅಲ್ವಾ ಮಿಸ್?" ಅಂದಳು. ಹೌದು ಅಂದೆ. "ಕಳೆಯೋದು ನಂಗೆ ಬರುತ್ತೆ. ಮುಂದಿಂದು ಹೇಳ್ಕೊಡಿ" ಅಂತ ಒಳಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು.