ಹುಲ್ಲು ಹಾಕುವವಳನ್ನು ಕೇಳಲಿಲ್ಲ

ನನ್ನ ವೃತ್ತಿಯ ಮೊದಲ ವರ್ಷಗಳು ಕುದುರೆಗಳ ನಡುವೆ ಕಳೆದವು. ಕುದುರೆಗೆ ಹೊಟ್ಟೆನೋವು ಬಂದರೆ ವೈದ್ಯನಿಗೆ ಆ ರಾತ್ರಿ ನಿದ್ದೆಯಿಲ್ಲ. ಅಷ್ಟು ದೊಡ್ಡ ಮೈಗೆ ಜಠರ ಮಾತ್ರ 8ರಿಂದ 15 ಲೀಟರಿನಷ್ಟು. ತಿಂದದ್ದನ್ನು ವಾಂತಿ ಮಾಡುವುದಂತೂ ಅದಕ್ಕೆ ಆಗುವುದೇ ಇಲ್ಲ. ಕಾಳು ಅತಿಯಾದರೆ ಅರಗದೆ ಉಳಿದ ಪಿಷ್ಟ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ, ಒಂದೆರಡು ದಿನದಲ್ಲಿ ಅದರ ಪೆಟ್ಟು ಗೊರಸಿಗೆ ಬೀಳುತ್ತದೆ. ಮುಂಗಾಲು ಊರಲಾಗದೆ ಹಿಂದಕ್ಕೆ ಭಾರ ಹಾಕಿ ನಿಂತ ಕುದುರೆಯನ್ನು ನೋಡಿದವರು ಮರೆಯಲಾರರು. ಹಾಗಾಗಿ ಲಾಯದೊಳಗೆ ಕಾಲಿಟ್ಟ ಕೂಡಲೇ ಮೊದಲ ಮಾತು ಕುದುರೆ ನೋಡಿಕೊಳ್ಳುವ ಸೈಸ್ ಜೊತೆಗೆ: ರಾತ್ರಿ ಏನು ಹಾಕಿದೆ, ಲದ್ದಿ ಎಷ್ಟು ಸಲ ಬಂತು, ನೀರು ಕುಡಿಯಿತೆ? ಸ್ಟೆತೊಸ್ಕೋಪು ಆಮೇಲೆ. ಅವನು ಹೇಳಿದ್ದರಲ್ಲೇ ಅರ್ಧ ರೋಗ ಗೊತ್ತಾಗುತ್ತಿತ್ತು.

ಮುಂದೆ ಜಾನುವಾರು ಪೋಷಣೆಯ ಸಂಶೋಧನೆಗೆ ಬಂದೆ. ಒಣಹುಲ್ಲಿಗೆ ಯೂರಿಯಾ ಉಪಚಾರ ಮಾಡುವ ಪದ್ಧತಿ 1980ರ ದಶಕದಲ್ಲಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲೆಲ್ಲ ದೊಡ್ಡ ಭರವಸೆಯಾಗಿತ್ತು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, 50–60 ಲೀಟರ್ ನೀರು. ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ 21 ದಿನ ಬಿಡಬೇಕು. ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ಅದು ಹುಲ್ಲಿನ ನಾರಿನ ಬಿಗಿಯನ್ನು ಸಡಿಲಿಸುತ್ತದೆ. ಭತ್ತದ ಹುಲ್ಲಿನಲ್ಲಿ ಶೇ. 3–4ರಷ್ಟಿರುವ ಕಚ್ಚಾ ಪ್ರೋಟೀನ್ ಶೇ. 7–8ಕ್ಕೆ ಏರುತ್ತದೆ. ಹೊದಿಕೆ ತೆಗೆದಾಗ ಕಣ್ಣು ಉರಿಸುವ ಘಾಟು, ಕಂದುಬಣ್ಣಕ್ಕೆ ತಿರುಗಿದ ಮೆತ್ತನೆಯ ಹುಲ್ಲು. ಸ್ವಲ್ಪ ಹೊತ್ತು ಗಾಳಿಗೆ ಹರಡಿ ಹಾಕಿದರೆ ನಮ್ಮ ಫಾರ್ಮಿನ ಹಸುಗಳು ಗೋದಲಿ ಖಾಲಿ ಮಾಡುತ್ತಿದ್ದವು. ಹಾಲೂ ಏರಿತು. ನನ್ನ ಸಂತೋಷ ನಿಜವಾದದ್ದಾಗಿತ್ತು. ಹಿಂಡಿ ಬೂಸಾ ಕೊಳ್ಳಲಾಗದ ಮನೆಗಳಿಗೆ ದಾರಿ ಸಿಕ್ಕಿತು ಎಂದು ನಂಬಿದ್ದೆ.

ಆ ನಂಬಿಕೆಯಲ್ಲೇ ತುಮಕೂರು ಕಡೆಯ ಹಳ್ಳಿಯೊಂದಕ್ಕೆ ಹೋದೆವು. ಸಭೆ ಮಾಡಿದೆವು, ಮೆದೆ ಹಾಕಿ ತೋರಿಸಿದೆವು, ಯೂರಿಯಾ ಮತ್ತು ಪ್ಲಾಸ್ಟಿಕ್ ಪುಕ್ಕಟೆ ಕೊಟ್ಟೆವು. ಕೊಡುವುದು ನಿಂತ ಮೇಲೆ ಒಂದು ಮನೆಯವರೂ ಮೆದೆ ಹಾಕಲಿಲ್ಲ. ಯಾಕೆಂದು ಕೇಳಿದಾಗ ಕೊಟ್ಟಿಗೆ ಗುಡಿಸುತ್ತಿದ್ದ ಹೆಂಗಸೊಬ್ಬರು ಪೊರಕೆ ಗೋಡೆಗೆ ಒರಗಿಸಿ ಹೇಳಿದರು: “ಬೇಸಿಗೇಲಿ ಕುಡಿಯೋ ನೀರಿಗೇ ಹೊಲದ ಬಾವಿಗೆ ಹೋಗ್ತೀವಿ ಡಾಕ್ಟ್ರೇ, ಹುಲ್ಲಿಗೆ ಯಾರು ಹೊರ್ತಾರೆ? ಸಭೇಗೆ ನಮ್ಮೆಜಮಾನ್ರು ಬಂದಿದ್ರು. ದನಕ್ಕೆ ಹಾಕೋಳು ನಾನು.”

ಮೂರು ಕ್ವಿಂಟಾಲ್ ಹುಲ್ಲಿನ ಸಣ್ಣ ಮೆದೆಗೇ 150–180 ಲೀಟರ್ ನೀರು ಬೇಕು. 15 ಲೀಟರಿನ ಕೊಡದಲ್ಲಿ 10–12 ಸಲ, ಒಂದೇ ಬೆಳಿಗ್ಗೆ, ಮನೆಬಳಕೆಯ ನೀರಿನ ಮೇಲೆ. ಹಸಿಮೇವು ಇಲ್ಲದೆ ಈ ಹುಲ್ಲು ಬೇಕಾಗುವ ತಿಂಗಳುಗಳೇ ನೀರು ಬತ್ತುವ ತಿಂಗಳುಗಳು. ಕೈಯಲ್ಲಿ ಕಾಸಿದ್ದಾಗ ಕೊಂಡ ಯೂರಿಯಾ ಮೊದಲು ಹೊಲಕ್ಕೆ ಹೋಗಬೇಕು. ಇನ್ನೊಂದು ಸಂಗತಿ ಶುದ್ಧ ವಿಜ್ಞಾನದ್ದು, ಅದಕ್ಕಂತೂ ನನ್ನಲ್ಲಿ ಯಾವ ಸಮಜಾಯಿಷಿಯೂ ಇಲ್ಲ. ನಾನು ಪ್ರಯೋಗ ಮಾಡಿದ್ದು ಭತ್ತದ ಹುಲ್ಲಿನ ಮೇಲೆ. ಆ ಊರಿನ ಮೆದೆಗಳೆಲ್ಲ ರಾಗಿ ಹುಲ್ಲು. ರಾಗಿ ಹುಲ್ಲನ್ನು ದನ ಇಷ್ಟಪಟ್ಟು ತಿನ್ನುತ್ತದೆ, ಭತ್ತದ ಹುಲ್ಲಿಗಿಂತ ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ಅಷ್ಟು ಶ್ರಮಕ್ಕೆ ಅಲ್ಲಿ ಸಿಗುವ ಲಾಭವೇ ಕಡಿಮೆ.

ಪ್ರಯೋಗ ಸೋಲುವುದು ತಪ್ಪಲ್ಲ. ತಪ್ಪು ನಡೆದದ್ದು ವರದಿಯಲ್ಲಿ. ಪದ್ಧತಿ ಹರಡದಿರಲು “ರೈತರಲ್ಲಿ ಅರಿವಿನ ಕೊರತೆ” ಕಾರಣವೆಂದು ನಾನು ಬರೆದೆ. ಆ ಹೆಂಗಸಿನ ಮಾತು ಕಿವಿಯಲ್ಲಿದ್ದರೂ ಬರೆದೆ, ಯಾಕೆಂದರೆ ನೀರಿನ ಕಾರಣ ಬರೆದರೆ ಯೋಜನೆಯೇ ನಿಲ್ಲುತ್ತದೆಂಬ ಭಯವಿತ್ತು. ಆ ಒಂದು ಸಾಲಿನ ಆಧಾರದ ಮೇಲೆ ಮತ್ತೊಂದು ತರಬೇತಿಗೆ ಹಣ ಮಂಜೂರಾಯಿತು. ಮತ್ತೆ ಸಭೆ, ಮತ್ತೆ ಯಜಮಾನರು. ನೀರಿನ ವಿಷಯ ಯಾವ ಕಡತಕ್ಕೂ ಹೋಗಲಿಲ್ಲ. ಬೆಲೆಬಾಳುವ ಕುದುರೆಯ ಮುಂದೆ ಸೈಸ್ ಮಾತಿಗೆ ಕಿವಿಗೊಡುತ್ತಿದ್ದವನು ಬಡವರ ಹಸುವಿನ ಮುಂದೆ ಆ ಅಭ್ಯಾಸ ಬಿಟ್ಟಿದ್ದೆ. ಲಾಯದಲ್ಲಿ ಕೇಳದಿದ್ದರೆ ಕುದುರೆ ಸಾಯುತ್ತಿತ್ತು, ಮಾಲೀಕರು ಲೆಕ್ಕ ಕೇಳುತ್ತಿದ್ದರು. ಹಳ್ಳಿಯಲ್ಲಿ ನನ್ನನ್ನು ಕೇಳುವವರು ಯಾರೂ ಇರಲಿಲ್ಲ.

ಆದರೆ ಆ ಕಡೆಯ ಹಳ್ಳಿಗಳಲ್ಲೇ ಮೇವು ಕತ್ತರಿಸುವ ಯಂತ್ರ ತಾನಾಗಿ ಹರಡಿತು. ಕತ್ತರಿಸಿದ ಹುಲ್ಲು ಗೋದಲಿಯಲ್ಲಿ ಪೋಲಾಗುವುದಿಲ್ಲ, ಹೆಚ್ಚು ನೀರೂ ಹೊರಬೇಕಿಲ್ಲ.

ಈಗ ಮೇವಿನ ಮೇಲೆ ಸಂಶೋಧನೆ ಮಾಡುತ್ತಿರುವ ಕಿರಿಯರಲ್ಲಿ ನನ್ನದೊಂದು ಬೇಡಿಕೆ. ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಯೂರಿಯಾ, ಪ್ಲಾಸ್ಟಿಕ್ ಬೆಲೆಯ ಜೊತೆಗೆ ನೀರು ಹೊರುವವರ ಕೂಲಿಯನ್ನೂ ಸೇರಿಸಿ. ಸಭೆಯನ್ನು ಹಾಲು ಕರೆಯುವ ಹೊತ್ತು ಮುಗಿದ ಮೇಲೆ, ಕೊಟ್ಟಿಗೆಯಲ್ಲೇ, ಹೆಂಗಸರ ಜೊತೆ ನಡೆಸಿ. ಅವರು ಬೇಡವೆಂದರೆ ಅದನ್ನು ಫಲಿತಾಂಶವೆಂದೇ ವರದಿಯಲ್ಲಿ ಬರೆಯಿರಿ.