ಗುಜರಿಯ ಟ್ರಾನ್ಸ್‌ಫಾರ್ಮರ್

ನಮ್ಮ ಮಗರಾಯನಿಗೆ ಗುಜರಿ ಅಂಗಡಿಯೇ ಅಜ್ಜಿಮನೆ. ಕೆಟ್ಟುಹೋದ ಎರಡು ಮೈಕ್ರೋವೇವ್ ಒಲೆಗಳನ್ನು ಹೊತ್ತು ತಂದು, ಅವುಗಳ ಟ್ರಾನ್ಸ್‌ಫಾರ್ಮರುಗಳಿಂದ ತಗಡು ಬೆಸೆಯುವ ಸ್ಪಾಟ್ ವೆಲ್ಡರ್ ಮಾಡುತ್ತೇನೆಂದ. ಬಿ.ಎ. ಓದಿದ ನನಗೆ ಫ್ಯಾರಡೆ ಎಂದರೆ 1831ನೆಯ ಇಸವಿ, ಅಷ್ಟೇ. ಆದರೂ ತರಗತಿಯ ಹುಡುಗನಂತೆ ನಿಲ್ಲಿಸಿ ಪ್ರಶ್ನೆ ಕೇಳಿದೆ.

230 ವೋಲ್ಟನ್ನು ಸುಮಾರು 2000ಕ್ಕೆ ಏರಿಸುವ ಸುರುಳಿ ಅದರೊಳಗಿದೆಯಂತೆ. ಮುಟ್ಟಿದವರು ಉಳಿಯುವುದು ಕಷ್ಟ. ಪ್ಲಗ್ ಕಿತ್ತ ಮೇಲೂ ಒಲೆಯೊಳಗಿನ ಕೆಪಾಸಿಟರ್ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದಂತೆ. ಆ ಸುರುಳಿಯನ್ನು ಕೊಯ್ದು ತೆಗೆದು, ದಪ್ಪ ತಂತಿಯನ್ನು ಎರಡೇ ಸುತ್ತು ಸುತ್ತಿದರೆ ಸಿಗುವುದು ಸುಮಾರು 2 ವೋಲ್ಟ್, ಆದರೆ ನೂರಾರು ಆಂಪಿಯರ್. ತಗಡನ್ನು ಬೆಸೆಯುವುದು ಅದೇ.

ಎರಡನ್ನೂ ಸಾಲಾಗಿ ಜೋಡಿಸುವಾಗ ದಿಕ್ಕು ಹೊಂದಿದರೆ 4 ವೋಲ್ಟ್, ತಿರುವುಮುರುವಾದರೆ ಸೊನ್ನೆ. ಎತ್ತು ಏರಿಗೆ, ಕೋಣ ನೀರಿಗೆ! ಸಂಸಾರ ಮಾಡಿದವಳಿಗೆ ಇದೊಂದು ಮಾತ್ರ ತಕ್ಷಣ ಅರ್ಥವಾಯಿತು.

"ಬೇಡ" ಎಂದರೆ ನಾನಿಲ್ಲದಾಗ ಮಾಡುತ್ತಾನೆ. ಹಾಗಾಗಿ ಎರಡು ಷರತ್ತು ಹಾಕಿದೆ: "ಆ ಎರಡು ಸಾವಿರದ ಸುರುಳಿಗಳು ಮೊದಲು ನನ್ನ ಕೈಗೆ ಬರಬೇಕು. ಒಬ್ಬನೇ ಇರುವಾಗ ಪ್ಲಗ್ ಹಾಕಕೂಡದು."

"ಏನಮ್ಮಾ, ಹೋಮ್‌ವರ್ಕ್ ತಿದ್ದುವ ಹಾಗೆ!" ಎಂದು ನಕ್ಕ. ಸಂಜೆ ಕೊಯ್ದ ತಾಮ್ರದ ಸುರುಳಿಗಳೆರಡೂ ಅಡುಗೆ ಕಟ್ಟೆಯ ಮೇಲಿದ್ದವು. ಎಣಿಸಿ ತೆಗೆದಿಟ್ಟೆ. ಆ ರಾತ್ರಿ ನಿದ್ದೆ ಬಂತು.