ಬಸ್ಸಿನಲ್ಲಿ ಬಂದವಳು

ಬ್ರಹ್ಮಾವರದಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಾಲಿಗ್ರಾಮವನ್ನು ದಾಟಿದೊಡನೆ ಕೋಟವೆಂಬ ಊರು ಸಿಗುತ್ತದೆ. ಹೊರಗಿನವರಿಗೆ ಅದು ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರು. ನಮ್ಮ ಕಡೆಯ ಹೆಂಗಸರಿಗಾದರೋ ಅದು ಮೊದಲು ಅಮೃತೇಶ್ವರಿಯ ಊರು. ಅಲ್ಲಿಯ ದೇವಿಯನ್ನು ಜನರು ‘ಹಲವು ಮಕ್ಕಳ ತಾಯಿ’ ಎಂದು ಕರೆಯುತ್ತಾರೆ. ಮಕ್ಕಳಿಲ್ಲದವರು ಆಕೆಯ ಮುಂದೆ ನಿಂತು ಕೈಮುಗಿಯುವುದು ಹಿಂದಿನಿಂದ ನಡೆದುಬಂದದ್ದು. ನನ್ನ ಸೋದರತ್ತೆಯೂ ಹನ್ನೊಂದು ವರ್ಷ ಹಾಗೆ ಕೈಮುಗಿದವರೇ. ಹನ್ನೆರಡನೆಯ ವರ್ಷ ಮಾತ್ರ ಅವರು ಬೇಡಿಕೊಂಡ ರೀತಿ ಬೇರೆಯಾಗಿತ್ತಂತೆ: “ನಿನಗೆ ಹಲವು ಮಕ್ಕಳು. ಅವರಲ್ಲಿ ಒಂದನ್ನು ನಾನು ಸಾಕುತ್ತೇನೆ, ಕೊಡು ತಾಯಿ.”

ಹೀಗೆ ನಮ್ಮ ಮನೆಗೆ ಬಂದ ಹುಡುಗಿಯ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳದು, ಹೇಳುವುದೂ ಬಿಡುವುದೂ ದೊಡ್ಡವಳಾದ ಮೇಲೆ ಅವಳಿಗೆ ಸೇರಿದ್ದು. ಉಳಿದುದನ್ನು ಅತ್ತೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅತ್ತೆ ಮಾವಂದಿರ ಮನೆ ಬ್ರಹ್ಮಾವರದ ಹತ್ತಿರ, ನಮ್ಮದು ಕುಂದಾಪುರ, ಅಜ್ಜಿ ಇರುವುದು ಬೈಂದೂರಿನ ಕಡೆ. ಆದುದರಿಂದ ನಮ್ಮ ಕುಟುಂಬದ ಸುಖದುಃಖಗಳೆಲ್ಲ ಈ ಮೂರು ಊರುಗಳ ನಡುವೆ ಬಸ್ಸಿನಲ್ಲೇ ಓಡಾಡುತ್ತವೆ.

ಅತ್ತೆ ದತ್ತುವಿಗಾಗಿ ಅರ್ಜಿ ಹಾಕಿದ್ದು 2019ರಲ್ಲಿ. ಆಗ ನಾನು ಒಂಬತ್ತನೆಯ ತರಗತಿ. ಮನೆಯವರಲ್ಲಿ ಅಂಥ ಕಾಗದಪತ್ರಗಳನ್ನು ಓದಿ ಅರ್ಥ ಹೇಳಬಲ್ಲವಳು ನಾನೊಬ್ಬಳೇ ಆದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಕಾಲದಲ್ಲಾದರೆ ನೆಂಟರ ಮನೆಯ ನಾಲ್ಕನೆಯ ಮಗುವನ್ನು ಕರೆತಂದು ಸಾಕಿಕೊಂಡರೆ ಮುಗಿಯುತ್ತಿತ್ತು. ಈಗ ಅನಾಥವಾದ ಅಥವಾ ಹೆತ್ತವರು ಒಪ್ಪಿಸಿದ ಮಗುವನ್ನು ಪಡೆಯಬೇಕಾದರೆ 2015ರ ಬಾಲನ್ಯಾಯ ಕಾಯ್ದೆಯ ದಾರಿಯಲ್ಲಿ ನಡೆಯಬೇಕು. ಕೇಂದ್ರದ ದತ್ತು ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಮದುವೆಯ ದಾಖಲೆ, ಆದಾಯದ ದಾಖಲೆ, ವೈದ್ಯರ ಪ್ರಮಾಣಪತ್ರ ಎಲ್ಲವೂ ಬೇಕು. ಸಮಾಜಸೇವಾ ಕಾರ್ಯಕರ್ತರು ಮನೆಗೆ ಬಂದು ಮನೆಯನ್ನೂ ಮನೆಯವರ ಮನಸ್ಸನ್ನೂ ನೋಡಿ ವರದಿ ಬರೆಯಬೇಕು. ಆಮೇಲೆ ಸಾಲಿನಲ್ಲಿ ಕಾಯುವುದು. ಮಗುವಿನ ಮೇಲೆ ಬೇರೆ ಯಾರ ಹಕ್ಕೂ ಉಳಿದಿಲ್ಲವೆಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಿದ ಮೇಲೆಯೇ ಅದನ್ನು ದತ್ತು ಕೊಡಬಹುದು.

ನಿಯಮಗಳಲ್ಲಿ ಒಂದನ್ನು ಅತ್ತೆ ನನ್ನಿಂದ ಎರಡು ಸಲ ಓದಿಸಿದರು. ತಾನಾಗಿ ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಾಯಿಸಿ ಹಿಂದಕ್ಕೆ ಪಡೆಯಲು 60 ದಿನಗಳ ಅವಕಾಶವಿದೆ ಎಂಬುದು ಆ ನಿಯಮ. ಮಾವ, “ಅಷ್ಟು ದಿನ ಯಾಕಪ್ಪ?” ಎಂದರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನೂ ಹೆಚ್ಚು ಕೊಟ್ಟರೂ ಆಗ್ತಿತ್ತು” ಎಂದರು. ಹನ್ನೊಂದು ವರ್ಷ ಮಗುವಿಗಾಗಿ ಕಾದ ಹೆಂಗಸಿನ ಬಾಯಿಂದ ಆ ಮಾತು ಬಂದುದು ನನಗೆ ಅಂದು ವಿಚಿತ್ರವೆನಿಸಿತು. ಇಂದು ಹಾಗೆನಿಸುವುದಿಲ್ಲ.

ಮೂರು ವರ್ಷ ಕಳೆದು 2022ರ ನವೆಂಬರಿನಲ್ಲಿ ಕರೆ ಬಂತು. ಘಟ್ಟದ ಮೇಲಿನ ಒಂದು ಊರಿಗೆ ಅತ್ತೆ, ಮಾವ, ನಾನು ಹೋದೆವು. ಮಗುವಿಗೆ ಎರಡು ವರ್ಷ ತುಂಬಲು ಇನ್ನೂ ಎರಡು ತಿಂಗಳಿತ್ತು. ಅಂತಿಮ ಆದೇಶಕ್ಕೆ ಮುಂಚೆಯೇ ಮಗುವನ್ನು ಸಾಕುವುದಕ್ಕೆಂದು ಮನೆಗೆ ಕಳುಹಿಸುವ ಪದ್ಧತಿಯುಂಟು. ಬರುವಾಗ ಎರಡು ಬಸ್ಸು, ಒಂದು ರಿಕ್ಷಾ. ಬಾಳೆಬರೆ ಘಾಟಿಯ ತಿರುವುಗಳಲ್ಲಿ ಅವಳು ಅಳಲಿಲ್ಲ, ನಗಲಿಲ್ಲ. ಅತ್ತೆಯ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದು ಕಿಟಕಿಯನ್ನೇ ನೋಡುತ್ತಿದ್ದಳು. ಆದೇಶವನ್ನು ಹಿಂದೆ ನ್ಯಾಯಾಲಯ ಕೊಡುತ್ತಿತ್ತು. ಆ ವರ್ಷದ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿಗಳು ಕೊಡುವಂತಾಗಿತ್ತು. ಅದು ಕೈಸೇರಿದ ಮೇಲೆ ಅತ್ತೆ ಮಾವಂದಿರ ಹೆಸರಿರುವ ಜನನ ಪತ್ರವೂ ಬಂತು. ಸರಕಾರದ ಲೆಕ್ಕದಲ್ಲಿ ಅವಳು ಮಗಳಾದಳು. ಮನೆಯ ಲೆಕ್ಕ ಅಷ್ಟು ಬೇಗ ಮುಗಿಯುವಂಥದಲ್ಲ.

ಮೊದಲ ದಿನಗಳಲ್ಲಿ ಅವಳು ಊಟಕ್ಕೆ ಕುಳಿತರೆ ಎಡಗೈಯನ್ನು ತಟ್ಟೆಯ ಸುತ್ತ ಬೇಲಿಯಂತೆ ಇಟ್ಟುಕೊಂಡು ಬೇಗಬೇಗನೆ ತಿನ್ನುತ್ತಿದ್ದಳು. ಹಲವು ಮಕ್ಕಳ ನಡುವೆ ಮಲಗಿ ಅಭ್ಯಾಸವಾದವಳಿಗೆ ನಮ್ಮ ಮನೆಯ ಕತ್ತಲು ಒಗ್ಗಲಿಲ್ಲ. ದೀಪ ಉರಿಯುತ್ತಿದ್ದರೆ ಮಾತ್ರ ನಿದ್ದೆ. ಎಲ್ಲಕ್ಕಿಂತ ಕಷ್ಟವಾದದ್ದು ಬೇರೊಂದು. ಕಂಡ ಕಂಡ ಹೆಂಗಸರನ್ನೆಲ್ಲ ಅವಳು ‘ಅಮ್ಮ’ ಎಂದು ಕರೆಯುತ್ತಿದ್ದಳು. ಮೀನು ಮಾರಲು ಬಂದವಳೂ ಅಮ್ಮ, ಹಾಲಿನ ಡಿಪೋದವಳೂ ಅಮ್ಮ, ನಾನೂ ಅಮ್ಮ. ಯಾರು ಕೈಚಾಚಿದರೂ ಹೋಗಿಬಿಡುತ್ತಿದ್ದಳು. ನೆರೆಯವರು, “ಎಂಥ ಚಂದದ ಮಗು, ಹಠವೇ ಇಲ್ಲ” ಎಂದು ಹೊಗಳುವರು; ಅತ್ತೆ ಒಳಗೆ ಹೋಗಿ ಕಣ್ಣೊರಸಿಕೊಳ್ಳುವರು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಮೀನಿನವಳು ಎತ್ತಿಕೊಳ್ಳಲು ಬಂದಾಗ ಮಗು ಚೀರಿ ಅತ್ತು ಅತ್ತೆಯ ಕೊರಳನ್ನು ತಬ್ಬಿಕೊಂಡಿತು. ಮೀನಿನವಳಿಗೆ ಬೇಸರವಾಯಿತು. ಅತ್ತೆ ಆ ದಿನ ಚೌಕಾಸಿ ಮಾಡದೆ ಎರಡು ಪಾಲು ಬಂಗುಡೆ ಕೊಂಡರು.

ಇನ್ನು ನಮ್ಮ ಪ್ರಯಾಣಗಳು. ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಕುಳಿತವರಿಗೆ ನಮ್ಮ ಕಡೆ ಮೂರು ಪ್ರಶ್ನೆಗಳು ತಪ್ಪುವುದಿಲ್ಲ. ಎಲ್ಲಿಗೆ ಹೋಗುವುದು? ಇದು ಯಾರ ಮಗು? ಯಾರ ಹಾಗಿದೆ? ಮೊದಲ ಎರಡಕ್ಕೆ ಉತ್ತರ ಸುಲಭ. ಮೂರನೆಯದನ್ನು ಕೇಳುವವರು ಮಗುವಿನ ಮುಖವನ್ನೂ ಅತ್ತೆಯ ಮುಖವನ್ನೂ ತೂಗಿ ನೋಡುತ್ತಾರೆ. “ಅಪ್ಪನ್ ಹಾಂಗಾ? ನಿಮ್ ಹಾಂಗಂತೂ ಇಲ್ಲೆ” ಎಂದು ಕೋಟೇಶ್ವರದಲ್ಲಿ ಹತ್ತಿದವರು ಕುಂದಾಪುರದಲ್ಲಿ ಇಳಿಯುವುದರೊಳಗೆ ತೀರ್ಪು ಕೊಟ್ಟುಬಿಡುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಮುಖದಲ್ಲಿ ಮನೆತನ ಹುಡುಕುವುದು ನಮ್ಮವರ ಹಳೆಯ ವಿನೋದ. ಅತ್ತೆ ಮೊದಮೊದಲು ಬೆವರುತ್ತಿದ್ದರು. ಈಗ ನಕ್ಕು, “ಅವಳ ಹಾಗೇ ಇದ್ದಾಳೆ” ಎನ್ನುತ್ತಾರೆ.

ಕುಂದಾಪುರದಿಂದ ಬೈಂದೂರಿಗೆ ಹೋಗುವಾಗ ಮರವಂತೆಯಲ್ಲಿ ರಸ್ತೆಯ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ಹೊಳೆ. ಎರಡು ಕಿಟಕಿಯೂ ಬೇಕೆಂದು ನಮ್ಮ ಹುಡುಗಿಯ ಹಠ. ಹೋಗುವಾಗ ಸಮುದ್ರದ ಕಡೆ, ಬರುವಾಗ ಹೊಳೆಯ ಕಡೆ ಎಂದು ಮಾವ ರಾಜಿ ಮಾಡಿಸಿದ್ದಾರೆ. ಸಮುದ್ರದ ಹತ್ತಿರ ಅಷ್ಟು ಬಂದ ಹೊಳೆ ಅಲ್ಲಿ ಸೇರದೆ ತಿರುಗಿ ಗಂಗೊಳ್ಳಿಯವರೆಗೆ ಹೋಗಿಯೇ ಕಡಲಿಗೆ ಬೀಳುತ್ತದೆ ಎಂದು ನಾನು ಹೇಳಿದರೆ, “ಅದಕ್ಕೆ ದಾರಿ ಗೊತ್ತಿಲ್ವಾ?” ಎಂದು ಅವಳು ಕೇಳುತ್ತಾಳೆ. ಬಿ.ಎ. ಓದುತ್ತಿರುವವಳಿಗೂ ಇದಕ್ಕೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ.

ಬೈಂದೂರಿನಲ್ಲಿ ಕಾದಿದ್ದುದು ಅಜ್ಜಿ. ನಿಜವಾದ ಪರೀಕ್ಷೆ ಅಲ್ಲಿತ್ತು. ದತ್ತುವಿನ ಮಾತು ಮೊದಲು ಬಂದಾಗ ಅಜ್ಜಿ, “ಯಾರ್ ಹೆತ್ತದ್ದೋ, ಎಂತ ಬಳಿಯೋ” ಎಂದು ಮುಖ ತಿರುಗಿಸಿದ್ದರು. ನಮ್ಮದು ಅಳಿಯಕಟ್ಟಿನ ಮನೆ. ಸಹ ವಿದ್ಯಾರ್ಥಿಗಳಲ್ಲಿ ಘಟ್ಟದ ಮೇಲಿನವರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಪದ್ಧತಿಯಲ್ಲಿ ಬಳಿ ತಾಯಿಯಿಂದ ಮಗಳಿಗೆ ಇಳಿಯುತ್ತದೆ; ಮಗನ ಮಕ್ಕಳು ಅವರ ತಾಯಿಯ ಬಳಿಗೆ ಸೇರುತ್ತಾರೆ. ಆಸ್ತಿಯ ಮಟ್ಟಿಗೆ 1949ರ ಮದರಾಸು ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಳ ಅನಂತರ ಆ ಕಟ್ಟು ಸಡಿಲವಾಯಿತು. ಆದರೆ ಮದುವೆಯ ಮಾತುಕತೆಯಲ್ಲಿ, ನಾಗಬನದಲ್ಲಿ ಬಳಿಯನ್ನು ಇಂದಿಗೂ ಕೇಳುತ್ತಾರೆ. ಶಾಸ್ತ್ರಗಳ ಹಿಂದೂ ಧರ್ಮದಲ್ಲಿ ದತ್ತಕವೆಂದರೆ ಗಂಡುಮಗನೇ. ಹೆಣ್ಣುಮಗುವನ್ನು ದತ್ತು ಪಡೆಯಬಹುದೆಂದು ದೇಶಕ್ಕೆಲ್ಲ ಅನ್ವಯಿಸುವ ಕಾನೂನಾದದ್ದು 1956ರಲ್ಲಿ. ಅಳಿಯಕಟ್ಟಿನಲ್ಲಾದರೋ ಹೆಣ್ಣುಸಂತತಿ ನಿಂತುಹೋಗುವ ಮನೆಯವರು ಅದಕ್ಕಿಂತ ಮೊದಲೇ ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುತ್ತಿದ್ದರು.

ಅಜ್ಜಿಗೆ ಅತ್ತೆ ಒಬ್ಬಳೇ ಮಗಳು. ಲೆಕ್ಕ ಹಾಕಿ ನೋಡಿದರೆ, ಮಗನ ಮಗಳಾದ ನಾನು ಅಜ್ಜಿಯ ಬಳಿಗೆ ಹೊರಗಿನವಳು. ಅಜ್ಜಿಯ ಬಳಿ ಮುಂದುವರಿಯುವುದಿದ್ದರೆ ಬಸ್ಸಿನಲ್ಲಿ ಬಂದ ಈ ಹುಡುಗಿಯಿಂದಲೇ. ಈ ಲೆಕ್ಕವನ್ನು ನಾನು ಅಜ್ಜಿಯ ಮುಂದೆ ಇಟ್ಟೆ. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ಹಾಗೆಯೇ ಹಚ್ಚುತ್ತಿದ್ದರು, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮರುವರ್ಷದ ನಾಗರಪಂಚಮಿಯಂದು ಬನದಲ್ಲಿ ತನು ಹಾಕುವಾಗ ಭಟ್ಟರು ಪ್ರಾರ್ಥನೆಗೆ ಮನೆಯ ಮಕ್ಕಳ ಹೆಸರು ಕೇಳಿದರು. ಅತ್ತೆ ತಲೆ ತಗ್ಗಿಸಿ ನಿಂತಿದ್ದರು. ಅಜ್ಜಿ ಎಲ್ಲರಿಗಿಂತ ಮೊದಲು ಆ ಚಿಕ್ಕವಳ ಹೆಸರು ಹೇಳಿ, “ನನ್ ಬಳಿ ಹೆಣ್ಣ್ ಅದ್” ಎಂದು ಸೇರಿಸಿದರು. ನನ್ನ ಹೆಸರು ಅದರ ಅನಂತರ ಬಂತು. ಜೀವನದಲ್ಲಿ ಎರಡನೆಯವಳಾದುದಕ್ಕೆ ಅಷ್ಟು ಸಂತೋಷ ನನಗೆ ಇನ್ನೆಂದೂ ಆದದ್ದಿಲ್ಲ.

ಮನೆಯವರು ಒಪ್ಪಿದರು. ಆದರೆ ಮಗುವಿಗೆ ಹೇಳುವುದೋ ಬೇಡವೋ, ಹೇಳುವುದಾದರೆ ಎಂದು? ಬಂಧುಗಳಲ್ಲಿ ಹೆಚ್ಚಿನವರು ಹೇಳಬಾರದೆಂಬ ಪಕ್ಷದವರೇ. “ಸುಖವಾಗಿ ಬೆಳೆಯಲಿ, ಯಾಕೆ ಸುಮ್ಮನೆ?” ಎಂಬುದು ಅವರ ವಾದ. ಆ ಚಳಿಗಾಲದಲ್ಲಿ ನಮ್ಮೂರ ಬಳಿ ‘ಕರ್ಣಭೇದನ’ದ ತಾಳಮದ್ದಳೆಯಾಯಿತು. ಯುದ್ಧ ಇನ್ನೇನು ಆರಂಭವಾಗಬೇಕು ಎನ್ನುವಾಗ ಕೃಷ್ಣನು ಕರ್ಣನ ಕೈಹಿಡಿದು ರಥದಲ್ಲಿ ಕುಳ್ಳಿರಿಸಿ ಅವನ ಜನ್ಮರಹಸ್ಯವನ್ನು ಹೇಳುವ ಪ್ರಸಂಗ. ಕರ್ಣ ಸೂತನ ಮನೆಯಲ್ಲಿ ಬೆಳೆದದ್ದು ದುಃಖವೆಂದೇ ನಾವೆಲ್ಲ ತಿಳಿದಿದ್ದೇವೆ. ಅಂದು ಅರ್ಥಗಾರಿಕೆ ಕೇಳುತ್ತಿದ್ದಂತೆ ನನಗೆ ಬೇರೆ ತೋರಿತು. ರಾಧೆಯ ಮನೆಯಲ್ಲಿ ಅವನಿಗೆ ಕೊರತೆಯಿರಲಿಲ್ಲ. ‘ರಾಧೇಯ’ ಎಂಬ ಹೆಸರನ್ನು ಅವನು ಕೊನೆಯವರೆಗೂ ಬಿಡಲಿಲ್ಲ. ಅವನನ್ನು ಮುರಿದದ್ದು ಸತ್ಯವಲ್ಲ. ಅದು ತಡವಾಗಿ ಬಂದದ್ದು, ಸ್ವಂತ ಕೆಲಸವಿದ್ದ ಹೊರಗಿನವನೊಬ್ಬನ ಬಾಯಿಂದ ಬಂದದ್ದು. ಮನೆಗೆ ನಡೆದು ಬರುವಾಗ ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ಅತ್ತೆ ಕತ್ತಲಲ್ಲಿ ಹೇಳಿದರು: “ಕೃಷ್ಣ ಹೇಳುಕಿಂತ ಮುಂಚೆ ರಾಧೆ ಹೇಳ್ಕಾಯಿತ್ತ್, ಅಲ್ದಾ?”

ಅಂದಿನಿಂದ ಮಲಗುವ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಕಥೆ ನಡೆಯುತ್ತದೆ. ಒಂದೂರಿನಲ್ಲಿ ಒಬ್ಬ ಅಮ್ಮ, ಒಬ್ಬ ಅಪ್ಪಯ್ಯ. ಅವರಿಗೆ ಮಗುವಿರಲಿಲ್ಲ. ಘಟ್ಟದ ಮೇಲೆ ಒಂದು ಮಗು. ಅದನ್ನು ಬೇರೊಬ್ಬ ಅಮ್ಮ ಹೆತ್ತಿದ್ದಳು, ಅವಳಿಗೆ ಸಾಕಲು ಆಗಲಿಲ್ಲ. ಇವರು ಬಸ್ಸು ಹತ್ತಿ ಹೋದರು. ಮಗುವನ್ನು ಕರೆದುಕೊಂಡು ಬಂದರು. ಅತ್ತೆ ಎಲ್ಲಾದರೂ ರಿಕ್ಷಾವನ್ನು ಮರೆತರೆ ಹುಡುಗಿ ಕಣ್ಣು ಮುಚ್ಚಿಕೊಂಡೇ ತಿದ್ದುತ್ತಾಳೆ: “ಎರಡು ಬಸ್ಸು, ಒಂದು ರಿಕ್ಷಾ.” ಆ ಹೆತ್ತವಳ ವಿಷಯವಾಗಿ ಕಥೆಯಲ್ಲಿ ಒಂದೂ ಕೆಟ್ಟ ಮಾತಿಲ್ಲ.

ಈ ಕಥೆಯ ಬೆಲೆ ಗೊತ್ತಾದದ್ದು ಕಳೆದ ವರ್ಷ. ಆಟದ ಜಗಳದಲ್ಲಿ ನೆರೆಮನೆಯ ಹುಡುಗನೊಬ್ಬ, ದೊಡ್ಡವರ ಬಾಯಿಂದ ಕೇಳಿದ್ದನ್ನೇ ಇರಬೇಕು, “ನಿನ್ ಅಮ್ಮ ನಿನ್ನ ಹೆತ್ತದ್ದಲ್ಲ” ಎಂದುಬಿಟ್ಟ. ಬಟ್ಟೆ ಒಣಹಾಕುತ್ತಿದ್ದ ಅತ್ತೆಯ ಕೈ ನಿಂತಿತು. ನಮ್ಮವಳು ಮಣ್ಣಾದ ಕೈಯನ್ನು ಲಂಗಕ್ಕೆ ಒರಸಿಕೊಂಡು, “ಗೊತ್ತಿತ್ತ್. ನಾ ಬಸ್ಸಂಗ್ ಬಂದದ್. ನೀ?” ಎಂದಳು. ಬಸ್ಸಿನಲ್ಲಿ ಬಾರದ ಆ ಹುಡುಗನಿಗೆ ಪಾಪ, ಏನು ಹೇಳಬೇಕೆಂದು ತೋಚಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಮತ್ತೆ ಆಟಕ್ಕೆ ತೊಡಗಿದರು. ಅವನು ಎಸೆದ ಕಲ್ಲು ಬೀಳಬೇಕಾಗಿದ್ದ ಜಾಗದಲ್ಲಿ ಅತ್ತೆ ಮೊದಲೇ ಮೆತ್ತನೆಯ ಹಾಸಿಗೆ ಹಾಸಿಟ್ಟಿದ್ದರು.

ಅವಳಿಗೆ ಈಗ ಐದು ತುಂಬಿದೆ. ಮುಂದೆ ಪ್ರಶ್ನೆಗಳು ಬೆಳೆಯುತ್ತವೆ ಎಂಬುದನ್ನು ಅತ್ತೆ ಬಲ್ಲರು. ದತ್ತುವಿನ ದಾಖಲೆಗಳನ್ನು ಹೊರಗಿನವರಿಗೆ ತೋರಿಸುವಂತಿಲ್ಲ. ಆದರೆ 18 ತುಂಬಿದ ಮೇಲೆ ಮಗು ತನ್ನ ಮೂಲವನ್ನು ತಿಳಿಯಲು ತಾನೇ ಅರ್ಜಿ ಕೊಡಬಹುದು ಎಂದು ನಿಯಮದಲ್ಲಿದೆ. ಇದನ್ನು ಓದಿ ಹೇಳಿದವಳೂ ನಾನೇ. ಹೇಳುವಾಗ ನನ್ನ ದನಿ ಸ್ವಲ್ಪ ಅಳುಕಿತು. ಅತ್ತೆ ಆ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂದು ಅವಳು ತೊಟ್ಟಿದ್ದ ಅಂಗಿಯ ಜೊತೆಗೆ ಪೆಟ್ಟಿಗೆಯ ತಳದಲ್ಲಿಟ್ಟರು.

“ಅವಳು ಹೋಗಬೇಕು ಎಂದರೆ?” ಎಂದು ನಾನು ಕೇಳಿದೆ.

“ಹೋಗಲಿ. ಒಬ್ಬಳೇ ಯಾಕೆ ಹೋಗುವುದು? ದಾರಿ ಗೊತ್ತಿರುವವಳು ನಾನಿದ್ದೇನಲ್ಲ,” ಎಂದು ಅತ್ತೆ ಪೆಟ್ಟಿಗೆಯ ಮುಚ್ಚಳ ಹಾಕಿದರು.